ವಿಮಲಾಬಾಯಿ ಹೊಲಿದ ಝಂಡಾ

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ವಿಮಲಾಬಾಯಿಯ ತವರಿನ ಪದ್ಧತಿ. ಕೌದಿಗೆ ಹಸಿವಾಗಬಾರದು, ಹೊದ್ದವರಿಗೂ ಹಸಿವಾಗಬಾರದು ಎಂದು ಚಿಂತಾಕಿಯಲ್ಲಿ ಅವಳ ಅವ್ವ ಹೇಳಿಕೊಟ್ಟಿದ್ದಳು. ಭಾಲ್ಕಿಯ ಅವಳ ಮನೆಯಲ್ಲಿ ಕೌದಿಗಳಿಗೆಲ್ಲ ಹೊಟ್ಟೆ ತುಂಬಿರುತ್ತಿತ್ತು. ಹಸಿದಿರುತ್ತಿದ್ದವನು ಗಂಡ ಮನ್ಮಥಪ್ಪನೊಬ್ಬನೇ.

ಅವಳಿಗೆ ಇದು ಗೊತ್ತಿಲ್ಲವೆಂದಲ್ಲ. ಒಲೆಯ ಮೇಲೆ ಬೇಳೆ ಇಟ್ಟು, ‘ಇದೊಂದು ಸಾಲು ಹೊಲಿದು ಎದ್ದೆ’ ಎಂದು ಕೂತವಳು ಸೀದ ವಾಸನೆ ಓಣಿ ದಾಟಿದ ಮೇಲೆಯೇ ಏಳುತ್ತಿದ್ದಳು. ಭಾಲ್ಕಿ ಪೇಟೆಯ ಹರಿದದ್ದನ್ನೆಲ್ಲ ಅವಳು ಹೊಲಿಯುತ್ತಿದ್ದರೂ ಅವಳ ಗಂಡ ಎದೆಯ ಗುಂಡಿಯಿಲ್ಲದ ಅಂಗಿ ತೊಟ್ಟು ಕಿರಾಣಿ ಅಂಗಡಿಯಲ್ಲಿ ಕೂತಿರುತ್ತಿದ್ದ. ಮಗಳು ಸುಮಿ ತಲೆ ಬಾಚಿಸಿಕೊಳ್ಳಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಪಕ್ಕದ ಮನೆ ದರ್ಜಿ ಮುನೀರೋದ್ದೀನನದು. ಅವನ ಹೆಂಡತಿ ಖಾಜಾಬಿ ತನ್ನ ಮಕ್ಕಳ ತಲೆಯೊಂದಿಗೆ ಸುಮಿಯ ತಲೆಯನ್ನೂ ಬಾಚಿ ಕಳಿಸುತ್ತಿದ್ದಳು.

“ನಮ್ಮ ಸೊಸಿ ಮನಿತನ ಮಾಡಲಿಕ್ಕೆ ಬಂದಾಳೋ, ಚಿಂದಿ ಆರಿಸಲಿಕ್ಕೆ ಬಂದಾಳೋ, ಆ ಶಿವನಿಗೇ ಗೊತ್ತು,” ಎಂದು ಅತ್ತೆ ಗುಂಡಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ವಿಮಲಾಬಾಯಿ ಬಾಯಲ್ಲಿ ದಾರ ಕಚ್ಚಿಕೊಂಡೇ ತಲೆಯಾಡಿಸುತ್ತಿದ್ದಳು. ಅತ್ತೆಯ ಮಾತು ನಿಜವೆಂದು ಅವಳಿಗೂ ಅನಿಸುತ್ತಿತ್ತು. ಆದರೆ ಒಂದು ಹಳೆಯ ಸೀರೆಯ ಅಂಚಿಗೆ ಇನ್ನೊಂದು ಹಳೆಯ ಕುಪ್ಪಸದ ಬಣ್ಣ ಹೊಂದಿ ಬಂತೆಂದರೆ ಅವಳಿಗೆ ಗಂಡ, ಮಗಳು, ಬೇಳೆ ಯಾವುದೂ ನೆನಪಿರುತ್ತಿರಲಿಲ್ಲ. ‘ನನ್ನಂಥವಳಿಗೆ ಮದುವಿ ಮಾಡಿದವರದೇ ತಪ್ಪು’ ಎಂದು ತನಗೆ ತಾನೇ ನಕ್ಕು ಇನ್ನೊಂದು ಸಾಲು ಎಳೆಯುತ್ತಿದ್ದಳು.

ಆ ವರ್ಷ, ಅಂದರೆ ೧೯೪೮, ಕಾಲ ಚೆನ್ನಾಗಿರಲಿಲ್ಲ. ಬೇಸಿಗೆಯಲ್ಲಿ ನಿಜಾಮರ ಕಡೆಯ ರಜಾಕಾರರು ಬಂದು ಮನ್ಮಥಪ್ಪನ ಅಂಗಡಿಯ ಬೆಲ್ಲ, ಬೇಳೆ ಎಲ್ಲ ಹೊತ್ತುಕೊಂಡು ಹೋಗಿದ್ದರು. ಓಣಿಯ ಎಷ್ಟೋ ಮಂದಿ ಸರಹದ್ದು ದಾಟಿ ಸೋಲಾಪುರದ ಕಡೆ ಹೋಗಿದ್ದರು. ಸೆಪ್ಟೆಂಬರ್‌ನಲ್ಲಿ ಬೀದರಿನ ಮೇಲೆ ವಿಮಾನ ಹಾರಿದವೆಂದು ಸುದ್ದಿ ಬಂತು. ನಾಲ್ಕಾರು ದಿನ ಊರು ಬಾಗಿಲು ಹಾಕಿಕೊಂಡು ಕೂತಿತು. ಒಂದು ಸಂಜೆ ನಿಜಾಮರು ಸೋತರೆಂದು ರೇಡಿಯೊದಲ್ಲಿ ಬಂತು ಅಂದರು. ಮರುದಿನ ಬೆಳಿಗ್ಗೆ ಧೊಂಡಿಬಾ ಓಡೋಡಿ ವಿಮಲಾಬಾಯಿಯ ಮನೆಗೆ ಬಂದ. ಕಾಂಗ್ರೆಸ್ಸಿನವನು, ಎರಡು ಸಲ ಜೇಲಿಗೆ ಹೋಗಿ ಬಂದವನು.

“ಬಾಯಿ, ನಾಳಿಗಿ ಹಿಂದುಸ್ತಾನದ ಫೌಜು ನಮ್ಮೂರಿಗಿ ಬರ್ತದ. ಒಂದು ಝಂಡಾ ಬೇಕ್ರಿ. ದೊಡ್ಡದು. ಸ್ಟೇಶನ್ ರಸ್ತಾದ ಮ್ಯಾಲ ಏರಿಸ್ತೇವಿ. ನಿಮ್ಮ ಬಿಟ್ರ ಊರಾಗ ಯಾರದಾರ್ರಿ?”

ವಿಮಲಾಬಾಯಿಗೆ ಕೊನೆಯ ಮಾತು ಮಾತ್ರ ಸರಿಯಾಗಿ ಕೇಳಿಸಿತು. “ಝಂಡಾ ಹ್ಯಾಂಗಿರ್ತದ್ರಿ? ನಾ ನೋಡೇ ಇಲ್ಲಲ್ಲ.”

ನೋಡಿದವರು ಊರಲ್ಲಿ ಯಾರಿದ್ದರು? ಅದನ್ನು ಹಿಡಿದವರನ್ನು ಜೇಲಿಗೆ ಹಾಕುತ್ತಿದ್ದ ಕಾಲ. “ಮ್ಯಾಲ ಕೇಸರಿ, ನಡು ಬಿಳಿದು, ಕೆಳಗ ಹಸರು. ನಡಬರಕ ನೀಲಿ ಚಕ್ರ,” ಎಂದ ಧೊಂಡಿಬಾ. “ಎಂಥಾ ಚಕ್ರ?” ಎಂದು ಅವಳು ಕೇಳುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತಳು. ದೇಶವೇ ತನ್ನ ಸೂಜಿಗಾಗಿ ಕಾದಿದೆ ಎಂದು ಅವಳಿಗೆ ಆ ಕ್ಷಣ ಅನಿಸಿತು. ಮುಂದೆ ಎಷ್ಟೋ ಸಲ ಇದನ್ನು ನೆನೆದು ಅವಳು ತನ್ನ ಹಣೆ ತಾನೇ ಬಡಿದುಕೊಂಡದ್ದುಂಟು. ಆದರೆ ಆ ಬೆಳಿಗ್ಗೆ ಅನಿಸಿದ್ದು ಮಾತ್ರ ಹಾಗೆಯೇ.

ಬಿಳಿಗೆ ಗಂಡನ ಧೋತರ ಸಿಕ್ಕಿತು. ಮನ್ಮಥಪ್ಪ ಅಂಗಡಿಯಲ್ಲಿದ್ದ, ಕೇಳುವ ತೊಂದರೆ ಇರಲಿಲ್ಲ. ಹಸಿರಿಗೆ ಪಕ್ಕದ ಮನೆಗೆ ಹೋದಳು. ಮುನೀರೋದ್ದೀನ ಬಾಗಿಲನ್ನು ಅರ್ಧವೇ ತೆರೆದ. ಹಿಂದೆ ಖಾಜಾಬಿ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದಳು.

“ಭಾಯಿ, ಹಸರು ಬಟ್ಟಿ ಅದ ಏನು?”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. “ಯಾಕ್ರಿ ಅಕ್ಕಾ?”

“ಝಂಡಾ ಹೊಲಿಲಿಕತ್ತೇನಿ.”

ಅವನು ಒಳಗೆ ಹೋಗಿ ಹಸಿರು ಬಟ್ಟೆಯ ಇಡೀ ಸುರುಳಿಯನ್ನೇ ತಂದು ಕೊಟ್ಟ. “ಒಯ್ಯಿರಿ. ಎಲ್ಲಾ ಒಯ್ಯಿರಿ,” ಎಂದ. ಅವಳು ತಿರುಗುವ ಮೊದಲೇ ಬಾಗಿಲು ಹಾಕಿ ಒಳಗಿನಿಂದ ಅಗಳಿ ಎಳೆದ. ವಿಮಲಾಬಾಯಿ ಬಟ್ಟೆಯ ನೇಯ್ಗೆ ನೋಡುವುದರಲ್ಲಿದ್ದಳು, ಅಗಳಿಯ ಸದ್ದು ಕೇಳಿಸಿಕೊಳ್ಳಲಿಲ್ಲ.

ಕೇಸರಿ ಬಣ್ಣದ ಚೂರು ಮನೆಯ ಗಂಟುಗಳಲ್ಲಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅತ್ತೆಯ ಪೆಟ್ಟಿಗೆಯಲ್ಲಿ. ಗುಂಡಮ್ಮ ಕಪಿಲಧಾರದ ಯಾತ್ರೆಗೆ ಉಟ್ಟು ಹೋಗಿ ಬಂದ, ಅಂದಿನಿಂದ ಪೂಜೆಗೆ ಮಾತ್ರ ಉಡುತ್ತಿದ್ದ ಕಾವಿ ಸೀರೆ. ಗುಂಡಮ್ಮ ಮಠಕ್ಕೆ ಹೋಗಿದ್ದಳು. ವಿಮಲಾಬಾಯಿ ಸೀರೆಗೆ ಕೈ ಮುಗಿದಳು, ಆಮೇಲೆ ಕತ್ತರಿ ಹಾಕಿದಳು.

ನೀಲಿಗೆ ತನ್ನದೇ ಹಳೆಯ ಕುಪ್ಪಸ ಇತ್ತು. ಚಕ್ರ ಎಂದರೆ ಎಂಥದು ಎಂಬುದಕ್ಕೆ ಹಿತ್ತಿಲಿನ ಆಚೆ ನಿಂತಿದ್ದ ಎತ್ತಿನ ಬಂಡಿಯನ್ನು ನೋಡಿದಳು. ಗಾಲಿಯ ನಡುವಿನ ಗುಂಬ, ಅದರಿಂದ ಹೊರಟ ಅರೆಕಾಲು, ಮೇಲಿನ ಕಬ್ಬಿಣದ ಪಟ್ಟಿ ಯಾವುದನ್ನೂ ಬಿಡದೆ ಹಚ್ಚಿದಳು. ಇಷ್ಟಾದ ಮೇಲೆ ಒಂದು ಪದರಿನ ಬಟ್ಟೆ ಅವಳ ಕಣ್ಣಿಗೆ ಬರಿಮೈಯಲ್ಲಿ ನಿಂತವರ ಹಾಗೆ ಕಂಡಿತು. ದೇಶದ ಝಂಡಾ ಅಂದ ಮೇಲೆ ನಾಲ್ಕು ಮಳೆಗಾಲ ತಡೆಯಬಾರದೇ? ಒಳಗೆ ಹಳೆಯ ಸೀರೆಯ ಎರಡು ಪದರು ಹಾಸಿದಳು, ಹಿಂದೆ ಅಸ್ತರ ಕೊಟ್ಟಳು, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ಹೊಲಿಗೆ ಹಾಕಿದಳು. ರಾತ್ರಿ ಮನ್ಮಥಪ್ಪ ತಾನೇ ರೊಟ್ಟಿ ಬಡಿದು, ಮಗಳಿಗೂ ಅವ್ವನಿಗೂ ಕೊಟ್ಟು, ಹೆಂಡತಿಯ ಮುಂದೆಯೂ ಒಂದು ಇಟ್ಟ. ಅದು ಒಂದು ಕಡೆ ಕರಕಾಗಿ, ಇನ್ನೊಂದು ಕಡೆ ಹಸಿಯಾಗಿತ್ತು. ಅದರಲ್ಲಿ ಒಂದು ಚೂರನ್ನು ಅವಳು ಝಂಡಾದ ಮೂಲೆಯೊಳಗೆ ಇಟ್ಟು ಹೊಲಿದಳು.

ಮರುದಿನ ಸ್ಟೇಶನ್ ರಸ್ತೆಯಲ್ಲಿ ಊರೆಲ್ಲ ಸೇರಿತ್ತು. ಧೊಂಡಿಬಾ ಗಂಟು ಬಿಚ್ಚಿ ನೋಡಿದ. ಏನೋ ಹೇಳಲು ಹೋದವನು ಫೌಜಿನ ಲಾರಿಗಳ ಧೂಳು ಕಂಡು ಬಿದಿರು ತರಲು ಕೂಗಿದ. ನಾಲ್ಕು ಮಂದಿ ಹಿಡಿದು ಬಿದಿರಿಗೆ ಕಟ್ಟಿ ಏರಿಸಿದರು. ಝಂಡಾ ಮೇಲೆ ಹೋಯಿತು. ಗಾಳಿಯೂ ಬಂತು. ಜನರ ತಲೆಯ ಪಟಕ, ಸೆರಗು, ಬೇವಿನ ಎಲೆ ಎಲ್ಲ ಹಾರಿದವು. ಝಂಡಾ ಮಾತ್ರ ಅಲುಗಲಿಲ್ಲ. ಅಷ್ಟರಲ್ಲಿ ಮಳೆ ಒಂದು ಸುತ್ತು ಬಂದು ಹೋಯಿತು. ನೆನೆದ ಭಾರಕ್ಕೆ ಬಿದಿರು ಮೆಲ್ಲನೆ ಬಾಗಿ, ಝಂಡಾ ಮೊದಲನೆಯ ಲಾರಿಯ ಮುಂದೆಯೇ ಇಳಿಬಿದ್ದು ನಿಂತಿತು.

ಲಾರಿಯಿಂದ ಮೀಸೆಯ ಸಾಹೇಬನೊಬ್ಬ ಇಣುಕಿದ. “ಯೇ ರಜಾಯಿ ಕಿಸಕೀ ಹೈ ಭಾಯಿ? ರಸ್ತೇ ಮೇಂ ಕ್ಯೋಂ ಸುಖಾಯೀ?” ಎಂದ.

ಈ ಕೌದಿ ಯಾರದು, ರಸ್ತೆಯಲ್ಲಿ ಯಾಕೆ ಒಣ ಹಾಕಿದ್ದೀರಿ ಎಂಬುದು ಗೊತ್ತಾದೊಡನೆ ಊರಿಗೆ ಊರೇ ನಕ್ಕಿತು. ಹೆದರಿ ಹೆದರಿ ಸಾಕಾಗಿದ್ದ ಜನ, ನಗು ಬೇಗ ನಿಲ್ಲಲಿಲ್ಲ. ಮನ್ಮಥಪ್ಪನೂ ನಕ್ಕ. ಸುಮಿಯೂ ನಕ್ಕಳು. ವಿಮಲಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳಾದರೂ ಅದರೊಳಗೆ ಅವಳಿಗೂ ನಗು ತಡೆಯಲಾಗಲಿಲ್ಲ.

ಹಸಿ ಝಂಡಾ ಹೆಗಲ ಮೇಲೆ ಹೊತ್ತು ಅವಳು ಮನೆಗೆ ಬಂದಳು. ಅಂಗಳದ ಹಗ್ಗಗಳ ಮೇಲೆಲ್ಲ ಗಿರಾಕಿಗಳ ಕೌದಿ ಇದ್ದವು. ಜಾಗವಿದ್ದದ್ದು ಮುನೀರೋದ್ದೀನನ ಬಾಗಿಲ ಮುಂದಿನ ಹಗ್ಗದ ಮೇಲೆ. ಅಲ್ಲೇ ಹರವಿದಳು. ಬಾಗಿಲು ಪೂರ್ತಿ ಮುಚ್ಚಿಹೋಯಿತು. ಅದರ ಹಿಂದೆ ಯಾವ ಉದ್ದೇಶವೂ ಇರಲಿಲ್ಲ. ಮುಂದೆ ಜನ ಏನೇನೋ ಹೇಳಿ ಹೊಗಳಿದಾಗಲೂ ಅವಳ ಉತ್ತರ ಇಷ್ಟೇ: “ಒಣಗಲಿಕ್ಕಿ ಹಾಕಿದ್ದೆನ್ರಿ. ನನಗ ಅಷ್ಟೆಲ್ಲಾ ಬುದ್ಧಿ ಎಲ್ಲಿಂದ ಬರಬೇಕು?”

ಫೌಜು ಬೀದರಿನ ಕಡೆ ಮುಂದೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಓಣಿಯ ಕೊನೆಯಲ್ಲಿ ಗದ್ದಲ ಕೇಳಿಸಿತು. ಬಡಿಗೆ, ಕೊಡಲಿ ಹಿಡಿದ ಗಂಡಸರು. ಹೊರಗಿನವರಿದ್ದರು, ಊರಿನವರೂ ಇದ್ದರು. ರಜಾಕಾರರ ಮೇಲಿನ ಸೇಡೆಂದು ಮುಸಲ್ಮಾನರ ಎರಡು ಮನೆಗಳ ಬಾಗಿಲು ಒಡೆದು, ಪಾತ್ರೆ ಪಗಡೆ ಹೊತ್ತುಕೊಂಡು ಬರುತ್ತಿದ್ದರು. ಎಲ್ಲೋ ಹೊಗೆ ಏಳುತ್ತಿತ್ತು. ಅವರು ಮುನೀರೋದ್ದೀನನ ಬಾಗಿಲಿಗೆ ಬಂದು, ಝಂಡಾ ನೋಡಿ ತಡೆದು ನಿಂತರು. ಒಬ್ಬ ಅದರ ಅಂಚಿಗೆ ಕೈ ಹಾಕಿದ.

“ಏ, ಹಸಿ ಅದ! ಕೆಸರಗೈಲೆ ಮುಟ್ಟಬ್ಯಾಡ್ರಿ!” ಎಂದು ವಿಮಲಾಬಾಯಿ ಓಡಿ ಬಂದಳು. ಅದು ಕೌದಿ ಮುಟ್ಟುವವರಿಗೆಲ್ಲ ಅವಳು ಹೇಳುವ ಮಾತು. ಬಾಯಿಂದ ತಾನಾಗಿ ಬಂದಿತ್ತು. ಹೇಳಿದ ಮೇಲೆಯೇ ಅವಳಿಗೆ ಕೊಡಲಿ ಕಾಣಿಸಿತು.

“ಇದರ ಹಿಂದ ದರ್ಜಿ ಮನಿ ಅದಲ್ಲ?” ಎಂದ ಆ ಮನುಷ್ಯ. “ಬಾಯಿ, ಆಕಡಿ ಸರಿ.”

ಝಂಡಾದ ಆಚೆಯಿಂದ ಕೂಸೊಂದು ಅಳಲು ಶುರು ಮಾಡಿ ಥಟ್ಟನೆ ನಿಂತಿತು, ಯಾರೋ ಬಾಯಿ ಮುಚ್ಚಿದಂತೆ. ವಿಮಲಾಬಾಯಿಗೆ ಧೈರ್ಯದ ಮಾತು ಒಂದೂ ಹೊಳೆಯಲಿಲ್ಲ. ನಿಂತರೆ ಬಿದ್ದುಬಿಡುತ್ತೇನೆಂದು ಆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಳು. “ಇದು ನಂದು ಅಂಗಡಿ,” ಎಂದಳು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ದಾರವಿಲ್ಲದೆಯೇ ಝಂಡಾದ ಅಂಚು ಹೊಲಿಯತೊಡಗಿದಳು.

ಆಗ ಗುಂಡಮ್ಮ ಮನೆಯಿಂದ ಹೊರಗೆ ಬಂದಳು. ಗದ್ದಲ ಕೇಳಿ ಬಂದದ್ದಲ್ಲ. ಪೂಜೆಗೆ ಉಡಲು ಹೋಗಿ, ಪೆಟ್ಟಿಗೆಯಲ್ಲಿ ಸೀರೆಯ ಸೆರಗು ಮಾತ್ರ ಸಿಕ್ಕಿ, ಅದನ್ನು ಕೈಯಲ್ಲಿ ಹಿಡಿದು ಸೊಸೆಯನ್ನು ಹುಡುಕುತ್ತ ಬಂದಿದ್ದಳು. ಹಗ್ಗದ ಮೇಲಿನ ಕೇಸರಿ ಪಟ್ಟಿಯನ್ನು ನೋಡಿದಳು. ಕೈಯಲ್ಲಿದ್ದ ಸೆರಗನ್ನೂ ನೋಡಿದಳು.

“ಅಯ್ಯಯ್ಯೋ, ನನ್ನ ಸೀರಿ! ನನ್ನ ಕಪಿಲಧಾರದ ಸೀರಿ!”

ಮುದುಕಿ ಹೋಗಿ ಝಂಡಾವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. “ಮನಿಹಾಳಿ, ದೇವರ ಸೀರಿ ಹರದೆಲ್ಲ! ಇದನ್ನ ಬಿಚ್ಚಿ ಕೊಡೋತನಕ ನಾ ಇಲ್ಲಿಂದ ಏಳಂಗಿಲ್ಲ!” ಎಂದು ಬಾಗಿಲಿಗೆ ಅಡ್ಡವಾಗಿ ಕೂತೇಬಿಟ್ಟಳು.

“ಅವ್ವಾ, ನೀ ಆಕಡಿ ಸರಿ. ನಮಗ ಒಳಗ ಕೆಲಸ ಅದ,” ಎಂದ ಕೊಡಲಿಯವನು.

ಗುಂಡಮ್ಮ ಅವನನ್ನು ಆಗ ನೋಡಿದಳು. ಅವನ ಹೆಗಲ ಮೇಲಿದ್ದ ಖಾಲಿ ಹಂಡೆಯನ್ನೂ ನೋಡಿದಳು. ಅವಳ ಅಳು ನಿಂತಿತು. “ಏನ್ ಕೆಲಸ ಅದೋ ನಿಂದು? ನನ್ನ ಮಗನ ಅಂಗಡಿ ಲೂಟಿ ಮಾಡಿದವ್ರು ಕುದರಿ ಏರಿ ಓಡಿ ಹೋದ್ರು. ಆಗ ನೀ ಎಲ್ಲಿದ್ದಿ? ಈ ದರ್ಜಿ ಅಂಗಿ ಹೊಲಿದಾನ, ಮತ್ತೇನ್ ಮಾಡ್ಯಾನ? ನಿನ್ನ ಮೈ ಮ್ಯಾಲಿನ ಅಂಗಿ ಯಾರು ಹೊಲಿದಾರ ಹೇಳು ನೋಡೋಣ?”

ಅವನು ತನ್ನ ಅಂಗಿಯ ಕಡೆ ನೋಡಿಕೊಂಡ.

“ನನ್ನ ಸೀರಿ ಮ್ಯಾಲ ಕಾಲಿಟ್ಟು ಒಳಗ ಹೋಗ್ತೇನಂದ್ರ ಹೋಗು. ಝಂಡಾ ತುಳದ, ಮುದಕೀನೂ ತುಳದ ಅಂತ ಆ ಫೌಜಿನ ಸಾಹೇಬಗ ನಾನೇ ಹೋಗಿ ಹೇಳ್ತೇನಿ.”

ಹಿಂದೆ ನಿಂತ ಇಬ್ಬರು ಮೆಲ್ಲನೆ ಜಾರಿದರು. ಉಳಿದವರು ಸ್ವಲ್ಪ ಹೊತ್ತು ಬಡಿಗೆ ಕುಟ್ಟಿ, ಬೈದು, ಬೇರೆ ಓಣಿಗೆ ಹೊರಟು ಹೋದರು. ಅಲ್ಲಿ ಯಾರ ಸೀರೆಯೂ ಅವರಿಗೆ ಅಡ್ಡ ಬರಲಿಲ್ಲ. ಆ ಕಡೆಯಿಂದ ಬಂದ ಕೂಗು ಅತ್ತೆ ಸೊಸೆ ಇಬ್ಬರಿಗೂ ಕೇಳಿಸಿತು. ಇಬ್ಬರೂ ತಲೆ ಎತ್ತಲಿಲ್ಲ. ಆ ಮಧ್ಯಾಹ್ನದ ಬಗ್ಗೆ ವಿಮಲಾಬಾಯಿ ಮುಂದೆ ಎಷ್ಟೇ ನಗೆಯಾಡಿದರೂ ಈ ಭಾಗವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಫೌಜಿನ ಪಹರೆ ಊರಿಗೆ ಬಂದು ನೆಲೆಯಾಗುವ ತನಕ ಇಬ್ಬರೂ ಆ ಕಟ್ಟೆ ಬಿಟ್ಟು ಏಳಲಿಲ್ಲ. ವಿಮಲಾಬಾಯಿ ತನ್ನ ಗಂಟು, ಕತ್ತರಿ ಎಲ್ಲ ಅಲ್ಲಿಗೇ ತರಿಸಿಕೊಂಡಳು. ರಾತ್ರಿ ಮನ್ಮಥಪ್ಪ ಬಂದು ಅವರ ಪಕ್ಕದಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದ. ಹಗಲಲ್ಲಿ ಅಡಿಗೆ ಅವನದೇ. ರೊಟ್ಟಿಗಳನ್ನು ಅವನು ಝಂಡಾ ಸರಿಸಿ ಒಳಗೂ ಕೊಡುತ್ತಿದ್ದ. ಖಾಜಾಬಿ ಅವನ್ನು ತಿಂದು, “ಭಾಯಿ, ನಾಳಿಂದ ಹಿಟ್ಟು ಈಕಡಿ ಕೊಡ್ರಿ, ನಾನೇ ಮಾಡ್ತೇನಿ,” ಎಂದು ಒಳಗಿನಿಂದ ಹೇಳಿದಳು. ಅಷ್ಟು ದಿನದಲ್ಲಿ ಆ ಮನೆಯಿಂದ ನಗುವಿನ ಸದ್ದು ಬಂದದ್ದು ಅದೇ ಮೊದಲು.

ಕೂತು ಕೂತು ಬೇಸರಾಗಿ ಗುಂಡಮ್ಮ ತನ್ನ ಸೀರೆಯನ್ನು ಬಿಚ್ಚಲು ನೋಡಿದಳು. ಉಗುರಿನಿಂದ ಆಗಲಿಲ್ಲ, ಸೂಜಿಯಿಂದ ಆಗಲಿಲ್ಲ. “ಏನ್ ಹೊಲಿತೀಯವ್ವ! ಯಮ ಬಂದ್ರೂ ಬಿಚ್ಚಂಗಿಲ್ಲ,” ಎಂದಳು. ಸೊಸೆಯ ಕೆಲಸದ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಅದು. ವಿಮಲಾಬಾಯಿ ಅದನ್ನು ಹೊಗಳಿಕೆಯೆಂದೇ ತಿಳಿದಳು. ಮರುದಿನ ಗುಂಡಮ್ಮ ತಾನೂ ಒಂದು ಚೂರು ತೆಗೆದುಕೊಂಡು ಕೂತಳು. ಅದರ ಮರುದಿನ, “ಈ ಕೆಂಪಿನ ಬಾಜು ಅರಿಶಿಣ ಹಚ್ಚು, ನಿನಗ ಬಣ್ಣ ತಿಳಿಯಂಗಿಲ್ಲ,” ಎಂದಳು. ವಿಮಲಾಬಾಯಿ ಹಚ್ಚಿ ನೋಡಿದಳು. ಹೊಟ್ಟೆಯುರಿಯುವಷ್ಟು ಚೆನ್ನಾಗಿ ಕಾಣಿಸಿತು.

ಊರು ನಿಧಾನವಾಗಿ ತಣ್ಣಗಾಯಿತು. ಮುನೀರೋದ್ದೀನ ಮತ್ತೆ ಮಶೀನು ತುಳಿಯತೊಡಗಿದ, ಆದರೆ ಬೀದಿಯ ಬಾಗಿಲನ್ನು ಅರ್ಧವೇ ತೆರೆಯುತ್ತಿದ್ದ. ಕೌದಿಯ ಅಸ್ತರದ ಕೆಲಸ ಅವನಿಗೇ ಹೋಗತೊಡಗಿತು. ಚಳಿಗಾಲ ಬಂದಾಗ ಔರಾದಿನಿಂದ, ಬೀದರಿನಿಂದ ಗಿರಾಕಿಗಳು ಬಂದರು. ಅವರೊಂದಿಗೆ ಮಾತಾಡುವವಳು ಈಗ ಗುಂಡಮ್ಮ. ಕಟ್ಟೆಯ ನಡುವೆ ಕಾಲು ಚಾಚಿ ಕೂತು, “ದೀವಾಳಿಗಿ ಬೇಕಾ? ಆಗ್ತದ. ಮೊಮ್ಮಗನ ತೊಟ್ಟಿಲಿಗಿ? ಅದೂ ಆಗ್ತದ. ನಮ್ಮ ಸೊಸಿ ಹೊಲಿತಾಳ,” ಎಂದು ಯಾರಿಗೂ ಇಲ್ಲವೆನ್ನದೆ ಒಪ್ಪಿಕೊಳ್ಳುತ್ತಿದ್ದಳು. ಸೊಸೆ ಸ್ವಲ್ಪ ತಡವಾಗಿ ಎದ್ದರೆ, “ಬಿಸಲು ಏರ್ತು, ಇನ್ನಾ ಸೂಜಿ ಹಿಡಿದಿಲ್ಲ,” ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ವಿಮಲಾಬಾಯಿಗೆ ಈಗ ಅಡಿಗೆ ಮನೆಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಸುಮಿಯ ತಲೆಯನ್ನು ಎರಡೆರಡು ಸಲ ಬಾಚುತ್ತಿದ್ದಳು. ಮನ್ಮಥಪ್ಪನ ಎಲ್ಲ ಅಂಗಿಗಳಿಗೂ ಗುಂಡಿ ಬಂದವು. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ನೆಮ್ಮದಿಯಾಗಿ ಕೂತು, ಉಬ್ಬಿದ ರೊಟ್ಟಿಯನ್ನು ಬೇಕೆಂದೇ ನಿಧಾನಕ್ಕೆ ತಿರುವುತ್ತಿದ್ದಳು. ಗಂಡ ತಾಟು ಹಿಡಿದು ಎದುರಿಗೆ ಕೂತಿದ್ದ.

“ವಿಮಲಾ!” ಎಂದು ಕಟ್ಟೆಯಿಂದ ಗುಂಡಮ್ಮ ಕೂಗಿದಳು. “ಡಾಬಕಾದ ಗಿರಾಕಿ ಬಂದು ಕೂತಾರ, ಅಂಚಿನ ಕೆಲಸ ಉಳಿದದ. ಒಳಗ ಏನ್ ಮಾಡ್ಲಿಕತ್ತಿ?”

“ಹೋಗು,” ಎಂದ ಮನ್ಮಥಪ್ಪ ನಗುತ್ತ. “ಮಾಲಕಿ ಕರೀಲಿಕತ್ತಾಳ.”

“ನೀವು ಇನ್ನೊಂದು ರೊಟ್ಟಿ ಉಣ್ಣಬಾರದ್ರಿ?” ಎಂದಳು ವಿಮಲಾಬಾಯಿ. ಅವನು ಹೊಟ್ಟೆ ತುಂಬಿತೆಂದ. “ಒಂದೇ ಒಂದು,” ಎಂದು ಬೇಡಿಕೊಂಡು ಅವಳು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.