ಒಂಬತ್ತನೆಯ ಕುರ್ಚಿ

"ಲೇ ಬೋಳಿಮಗನೇ, ಎಂಟು ಕುರ್ಚಿ ಅಂದ್ರೆ ಎಂಟು. ಒಂಬತ್ತನೇದು ಯಾರಿಗೆ, ನಿಮ್ಮಪ್ಪನಿಗಾ?"

ಅಧ್ಯಕ್ಷರು ಬೂಟುಗಾಲಿನಿಂದ ಕುರ್ಚಿಯನ್ನು ಒದ್ದರು. ನಮ್ಮಪ್ಪ ಸತ್ತು ಹತ್ತು ವರ್ಷವಾಯಿತು. ಪಾಪ, ಬದುಕಿದ್ದಾಗಲೂ ಅವನಿಗೆ ಯಾರೂ ಕುರ್ಚಿ ಹಾಕಿದವರಲ್ಲ.

"ನಮ್ಮ ಕ್ಲಬ್ಬಿಗೆ ಸ್ವಾಮಿ," ಅಂದೆ. "ಒಕ್ಕೂಟದಲ್ಲಿ ಒಂಬತ್ತು ಕ್ಲಬ್ ಇದಾವಲ್ಲ."

"ನೀನು ಟೀ ಕೊಡೋನು. ಟೀ ಕೊಡೋನು ಕೂತ್ಕೊಳಲ್ಲ."

ವಾರಕ್ಕೆ ಆರು ದಿನ ನಾನು ಈ ರಗ್ಬಿ ಒಕ್ಕೂಟದ ಕಚೇರಿಯ ಜವಾನ. ಭಾನುವಾರ ಮೂಟೆ ಹೊರುವವರ ಕ್ಲಬ್ಬಿನ ಆಟಗಾರ. ನಮ್ಮಲ್ಲಿ ನೆಟ್ಟಗೆ ಓದು ಬರಹ ಬರುವವನು ನಾನೊಬ್ಬನೇ ಆದ್ದರಿಂದ ಕಾರ್ಯದರ್ಶಿಯೂ ನಾನೇ. ಎಂಟೆಂಟು ಜನ ತಲೆ ಕೊಟ್ಟು ದಬ್ಬಾಡುವ ಸ್ಕ್ರಮ್ಮಿನಲ್ಲಿ ನನ್ನದು ಮುಂದಿನ ಸಾಲು. ಅಲ್ಲಾಡಲ್ಲ ಅಂತ ಎಲ್ಲರೂ ನನ್ನನ್ನು 'ಗೋಡೆ' ಅನ್ನುತ್ತಾರೆ.

ಹೋದ ವರ್ಷದ ಸಭೆಯಲ್ಲಿ ಒಂದು ಕೈಯಲ್ಲಿ ಟ್ರೇ ಹಿಡಿದುಕೊಂಡೇ ಇನ್ನೊಂದು ಕೈ ಎತ್ತಿ ಮತ ಹಾಕಿದ್ದೆ. ಮಾರನೆಯ ದಿನವೇ ಅಧ್ಯಕ್ಷರು ಹೊಸ ನಿಯಮ ಬರೆಸಿದರು: ಕುರ್ಚಿಯಲ್ಲಿ ಕೂತವರ ಕೈ ಮಾತ್ರ ಲೆಕ್ಕಕ್ಕೆ. ನನ್ನೊಬ್ಬನಿಗೋಸ್ಕರ ಒಂದು ನಿಯಮ ಅಂದರೆ ಕಮ್ಮಿ ಮರ್ಯಾದೆಯೇ?

ಕುರ್ಚಿ ಹೊತ್ತುಕೊಂಡು ಅಡುಗೆಕೋಣೆಗೆ ಹೋದೆ. ಅತ್ತಿಗೆ ಲೋಟ ತೊಳೆಯುತ್ತಿದ್ದಳು. ಅವಳೂ ಇಲ್ಲೇ ಕೂಲಿ.

"ಇವತ್ತು ಏನಂತೆ?"

"ಸ್ವಂತ ಮೈದಾನ ಇಲ್ಲದ ಕ್ಲಬ್ಬುಗಳು ಇವತ್ತಿಂದ ಆಡೋ ಹಾಗಿಲ್ಲ ಅಂತ ಮಾಡ್ತಾರಂತೆ."

"ಹಂಗಾದ್ರೆ ಭಾನುವಾರದ ಫೈನಲ್ಲು?"

"ಇಲ್ಲ. ಆಡದೇನೇ ಅಧ್ಯಕ್ಷರ ಕ್ಲಬ್ಬಿಗೆ ಕಪ್."

ಅತ್ತಿಗೆಯ ಕೈ ನಿಂತಿತು. ಗೂಡ್ಸ್ ಶೆಡ್ಡಿನ ಹಿಂದಿನ ಕಲ್ಲುಮಣ್ಣಿನಲ್ಲಿ ಬಿದ್ದು ಎದ್ದು ಕಲಿತವರು ನಾವು. ಮೂವತ್ತು ವರ್ಷದಲ್ಲಿ ಇದೇ ಮೊದಲ ಫೈನಲ್. ನಾಯಕ ನಮ್ಮಣ್ಣ.

"ಸೆಮಿಫೈನಲ್ಲಲ್ಲಿ ನಿಮ್ಮಣ್ಣ ಎರಡು ಹಲ್ಲು ಬಿಟ್ಟು ಬಂದಿದಾನೆ," ಅಂದಳು. "ಈಗ ಆಟನೇ ಇಲ್ಲ ಅಂದ್ರೆ ಮಿಕ್ಕ ಹಲ್ಲಲ್ಲಿ ನನ್ನ ಪ್ರಾಣ ತಿಂತಾನೆ. ಏನಾದ್ರೂ ಮಾಡಪ್ಪ."

ಏನು ಮಾಡಲಿ? ಎಂಟು ಲೋಟ ಟ್ರೇಯಲ್ಲಿಟ್ಟುಕೊಂಡು ಹೊರಗೆ ಹೋಗಿ ಅಧ್ಯಕ್ಷರ ಬೆನ್ನ ಹಿಂದೆ ನಿಂತೆ.

ಕನ್ನಡಕದ ಗುಮಾಸ್ತರು ಕೈ ಎಣಿಸಿದರು. ಮೈದಾನ ಇದ್ದವರು ನಾಲ್ಕು, ನಿಯಮದ ಪರ. ಬಸ್ಸಿನವರು, ಮಿಲ್ಲಿನವರು ಸೇರಿ ಮೈದಾನ ಇಲ್ಲದವರು ನಾಲ್ಕು, ವಿರುದ್ಧ.

"ಸಮ ಬಂದ್ರೆ ಕೊನೇ ಮಾತು ನಂದು," ಅಂತ ಅಧ್ಯಕ್ಷರು ನಕ್ಕರು. ಘೋಷಣೆ ಮಾಡಲು ಎದ್ದರು.

ಅವರು ಎದ್ದಾಗ ಕುರ್ಚಿ ಹಿಂದಕ್ಕೆ ಎಳೆಯಬೇಕು, ಕೂರುವಾಗ ಮುಂದಕ್ಕೆ ತಳ್ಳಬೇಕು. ಆರು ವರ್ಷದಿಂದ ಅದೂ ನನ್ನದೇ ಕೆಲಸ. ಒಂದು ಗಳಿಗೆ ತಡವಾದರೆ ಅವರ ಮೊಣಕಾಲು ಮೇಜಿಗೆ ಬಡಿದು, ಬಾಯಿ ನಮ್ಮಮ್ಮನನ್ನು ನೆನೆಯುತ್ತದೆ. ಇವತ್ತೂ ಸರಿಯಾಗಿ ಎಳೆದೆ.

"ಸ್ವಲ್ಪ ಹಿಡ್ಕೊಳಿ ಸ್ವಾಮಿ. ಹುಷಾರು, ಸುಡುತ್ತೆ."

ಮೂಗಿನ ಕೆಳಗೆ ಟ್ರೇ ಬಂದರೆ ಎಂಥ ದೊಡ್ಡ ಮನುಷ್ಯನೂ ಹಿಡಿದುಕೊಳ್ಳುತ್ತಾನೆ. ಎರಡೂ ಕೈಯಲ್ಲಿ ಹಿಡಿದರು. ನಾನು ಅವರ ಕುರ್ಚಿಯಲ್ಲಿ ಕೂತೆ.

ಆಹಾ, ಎಷ್ಟು ಮೆತ್ತಗಿತ್ತು. ಆರು ವರ್ಷ ಎಳೆದಿದ್ದೇನೆ, ಒಂದು ದಿನ ಕೂತಿರಲಿಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಕೈ ಎತ್ತಿದೆ.

"ಗುಮಾಸ್ತರೇ, ಮೂಟೆಯವರ ಕ್ಲಬ್ಬು. ವಿರುದ್ಧ."

"ಎಳೀರೋ ಆ ನನ್ಮಗನ್ನ," ಅಂತ ಅಧ್ಯಕ್ಷರು ಕಿರುಚಿದರು. ಲೋಟಗಳು ಗಲಗಲ ಅಂದವು. "ನಾಳೆಯಿಂದ ನಿನಗೂ ಕೆಲಸ ಇಲ್ಲ, ಒಳಗಿರೋಳಿಗೂ ಇಲ್ಲ."

ಅದು ಗೊತ್ತಿದ್ದದ್ದೇ. ಭಯವೂ ಆಯಿತು. ಆದರೆ ನಗು ನಿಲ್ಲಬೇಕಲ್ಲ.

ಮೈದಾನ ಇದ್ದ ಉಳಿದ ಮೂವರೂ ಎದ್ದು ಬಂದು ನನ್ನ ಮೇಲೆ ಬಿದ್ದರು. ಒಬ್ಬ ಕುತ್ತಿಗೆಪಟ್ಟಿ ಹಿಡಿದ, ಇಬ್ಬರು ರಟ್ಟೆಗೆ ಜೋತುಬಿದ್ದರು. ಅಂಗಿಯ ಗುಂಡಿ ಹಾರಿತು. ನಾನು ಪಾದ ಊರಿ ಕತ್ತು ತಗ್ಗಿಸಿದೆ.

"ಸೊಂಟ ಇಳಿಸೋ, ಸೊಂಟ," ಅಂತ ಬಾಗಿಲಲ್ಲಿ ನಿಂತು ಅತ್ತಿಗೆ ಕೂಗಿದಳು. ಆಟದಲ್ಲಿ ನಮ್ಮಣ್ಣ ಕೂಗುವುದೂ ಅದನ್ನೇ. ಇಳಿಸಿದೆ. ಮೂವರೂ ಏದುಸಿರು ಬಿಟ್ಟರೇ ಹೊರತು ಗೋಡೆ ಅಲುಗಲಿಲ್ಲ. ಬಸ್ಸಿನವನು ಕೂತಲ್ಲೇ ನಗುತ್ತ ಮೇಜಿಗೆ ತಲೆಯಿಟ್ಟುಬಿಟ್ಟಿದ್ದ.

ಗುಮಾಸ್ತರು ನಿಯಮದ ಪುಸ್ತಕ ತೆರೆದು, ಬೆರಳಿಟ್ಟು ಓದಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಎಣಿಸಿದರು.

"ಕೂತವರಲ್ಲಿ ವಿರುದ್ಧ, ಐದು. ಪರ..." ಸುತ್ತ ನೋಡಿದರು. "ಪರ ಇರೋರು ಯಾರೂ ಕೂತಿಲ್ಲವಲ್ಲ."

ಆಗ ಹೊಳೆಯಿತು ಆ ಮೂವರಿಗೆ. ನನ್ನನ್ನು ಬಿಟ್ಟು ಓಡಿದರು. ಅಷ್ಟರಲ್ಲಿ ಅತ್ತಿಗೆ ಅವರ ಮೂರು ಕುರ್ಚಿಗಳನ್ನೂ ಒಂದರ ಮೇಲೊಂದು ಪೇರಿಸಿ, ತಲೆಯ ಮೇಲಿಟ್ಟುಕೊಂಡು ಅಡುಗೆಕೋಣೆಯ ಕಡೆ ಹೊರಟಿದ್ದಳು.

"ನನಗೊಂದು ಕುರ್ಚಿ ಕೊಡೇ," ಅಂದರು ಅಧ್ಯಕ್ಷರು. ಟ್ರೇ ಇನ್ನೂ ಕೈಯಲ್ಲೇ ಇತ್ತು.

ಅತ್ತಿಗೆ ನಿಂತಳು. ಹೊರೆ ಅಲುಗದ ಹಾಗೆ ಮೆಲ್ಲಗೆ ತಿರುಗಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಟೀ ಕೊಡೋನು ಕೂತ್ಕೊಳಲ್ಲ ಸ್ವಾಮಿ," ಅಂದಳು.