ನೋಡಿ ಹೋದವರು

"ನೋಡಿ ಹೋದೋರು ಯಾಕೆ ತಿರುಗಿ ಒಂದು ಫೋನೂ ಮಾಡಲ್ಲ?"

ಶಶಿಕಲಾ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಒಲೆಯ ಮೇಲಿನ ಹಾಲನ್ನೂ ಅಲ್ಲ, ನಡುಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದ ಮಗಳು ಪಲ್ಲವಿಯನ್ನೂ ಅಲ್ಲ. ಬಾಯಿಗೆ ಬಂತು, ಆಡಿದಳು.

ನಿಟ್ಟೂರಿನ ಹೊರಗೆ, ರೈಲು ಹಳಿಯ ಆಚೆ, ಅವಳಿಗೂ ಗಂಡ ದಯಾನಂದನಿಗೂ ಸೇರಿದ ತೆಂಗಿನ ತೋಟವಿದೆ. ಅಲ್ಲೊಂದು ಕೂಡುಮನೆ ಎಬ್ಬಿಸಬೇಕೆಂಬುದು ಅವಳ ಹಂಬಲ. ಸಂಸಾರಕ್ಕೊಂದು ಪುಟ್ಟ ಮನೆ, ನಡುವೆ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಒಂದೇ ಅಂಗಳ. ಯಾರು ಕೆಲಸಕ್ಕೆ ಹೋದರೂ ಅಂಗಳದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಆ ಒಬ್ಬರು ಅವಳಿಗೆ ಬೇಕಾಗಿತ್ತು. ಪಲ್ಲವಿಗೆ ಹತ್ತೊಂಬತ್ತು. ಮಾತೂ ಚುರುಕು, ಕೈಯೂ ಚುರುಕು. ಆದರೆ ಫಿಟ್ಸ್ ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳುವಂತಿಲ್ಲ. ಬಾವಿಕಟ್ಟೆಗೆ ಹೋದರೂ ಒಲೆಯ ಮುಂದೆ ಕೂತರೂ ಹಿಂದೆ ಒಂದು ಕಣ್ಣಿರಬೇಕು.

ಅತ್ತೆ ಗಂಗಾಂಬಿಕೆ ಇರುವ ತನಕ ಆ ಕಣ್ಣು ಅವರದಾಗಿತ್ತು. ಮೊಮ್ಮಗಳು ಬಿದ್ದರೆ ಮಗ್ಗುಲಿಗೆ ಹೊರಳಿಸಿ, ತಲೆಯನ್ನು ತೊಡೆಗೆ ಆನಿಸಿಕೊಂಡು, ಅವಳಿಗೆ ಎಚ್ಚರವಾಗುವವರೆಗೂ ಮೆಲ್ಲಗೆ ವಚನ ಹೇಳುತ್ತ ಕೂರುತ್ತಿದ್ದರು. ಅವರು ಹೋಗಿ ವರ್ಷ ಕಳೆದಿದೆ. ಈಗ ಶಶಿಕಲಾ ತುಮಕೂರಿನ ಶಿರಾ ಗೇಟಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತ ನಿಂತರೂ ಜೀವವೆಲ್ಲ ಮನೆಯಲ್ಲೇ. ಫೋನು ರಿಂಗಾದರೆ ಭಯ. ಆಗದಿದ್ದರೆ ಇನ್ನೂ ಭಯ.

ಎರಡು ಸಂಸಾರಗಳು ಕೂಡುಮನೆಗೆ ಒಪ್ಪಿದ್ದವು. "ಇನ್ನೊಂದು ಮನೆಯವರಾದ್ರೂ ಸೇರದಿದ್ರೆ ದೀಪಾವಳಿ ಕಳೆದ ಮೇಲೆ ನಾವು ತುಮಕೂರಲ್ಲೇ ಮನೆ ನೋಡ್ಕೋತೀವಿ" ಎಂದೂ ಹೇಳಿದ್ದವು. ದೀಪಾವಳಿ ಹತ್ತಿರವಾಗಿತ್ತು. ವಾಟ್ಸಾಪಿನಲ್ಲಿ ತೋಟದ ಫೋಟೊ ನೋಡಿ ಜನ ಬರುತ್ತಿದ್ದರು. ಗಾಳಿ ಹೊಗಳುತ್ತಿದ್ದರು, ಬಾವಿ ಬಗ್ಗಿ ನೋಡುತ್ತಿದ್ದರು, ಮನೇಲಿ ಮಾತಾಡಿ ಹೇಳ್ತೀವಿ ಎನ್ನುತ್ತಿದ್ದರು. ಅಷ್ಟೇ. ಒಂದೇ ಅಡುಗೆಮನೆ ಹಿಡಿಸಲಿಲ್ಲವೋ, ರೈಲಿನ ಸದ್ದೋ, ಪಲ್ಲವಿಯ ವಿಷಯ ಮೊದಲೇ ಹೇಳಿದ್ದೋ? ಈ ಕೊನೆಯದನ್ನು ನೆನೆದಾಗ ಅವಳು ಉಣ್ಣುತ್ತಿದ್ದ ತಟ್ಟೆಯನ್ನು ಬದಿಗೆ ಸರಿಸಿ ಏಳುತ್ತಿದ್ದಳು.

ಇವತ್ತು ಬಂದವರು ಹನುಮಂತಮ್ಮ. ಕುಣಿಗಲ್ ಕಡೆಯವರು. ಹಿರೇಹಳ್ಳಿಯ ಫ್ಯಾಕ್ಟರಿಗಳ ಮಧ್ಯೆ ಬಹಳ ಕಾಲ ಮೆಸ್ ನಡೆಸಿ, ಈಗ ಅದನ್ನು ತಮ್ಮನ ಕೈಗೆ ಬಿಟ್ಟಿದ್ದರು. ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ದಯಾನಂದ ಆ ಮೆಸ್ಸಿನಲ್ಲೇ ಊಟ ಮಾಡುತ್ತಿದ್ದವನು.

"ನೀನೇನವ್ವ ಪಲ್ಲವಿ? ನಿಮ್ಮಪ್ಪ ಮುದ್ದೆ ನುಂಗ್ವಾಗೆಲ್ಲ ನಿನ್ ಸುದ್ದಿನೇ."

"ಏನಂತಿದ್ರು?"

"ಮಗಳು ನಂಗಿಂತ ಬುದ್ಧಿವಂತೆ ಅಂತಿದ್ದ. ಅದೇನ್ ದೊಡ್ಡದು ಬುಡು, ನಮ್ ಮೆಸ್ಸಿನ್ ಬೆಕ್ಕಿಗೂ ಅವನಿಗಿಂತ ಬುದ್ಧಿ ಇತ್ತು."

ಪಲ್ಲವಿ ನಕ್ಕಳು. "ನಂಗೆ ಫಿಟ್ಸ್ ಬರುತ್ತೆ ಅಜ್ಜಿ. ಬಂದ್ರೆ ಗಾಬರಿ ಆಗ್ಬೇಡಿ."

"ಅಜ್ಜಿ ಅಂದ್ರೆ ಗಾಬರಿ ಆಯ್ತೀನಿ. ದೊಡ್ಡಮ್ಮ ಅನ್ನು. ನಮ್ ಮೆಸ್ಸಲ್ಲಿ ಪಾತ್ರೆ ತೊಳ್ಯೋಳಿಗೂ ಬತ್ತಿತ್ತು. ಮಗ್ಗುಲಿಗೆ ಮಲಗಿಸ್ಬೇಕು, ಬಾಯಿಗೆ ಏನೂ ತುರುಕ್ಬಾರ್ದು. ಅಷ್ಟೇ ತಾನೆ?"

ಶಶಿಕಲಾ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇವರೇ, ಶಿವನೇ, ಇವರೇ ಬರಲಿ.

ತೋಟಕ್ಕೆ ಹೋದಾಗ ಪಲ್ಲವಿ ಹೂವಿನ ಮಾಲೆ ಹಿಡಿದು ಮುಂದೆ ನಡೆದಳು. ಬಾವಿಯ ದಾರಿಯಲ್ಲಿ, ಬಿಲ್ವದ ಗಿಡದ ಪಕ್ಕ, ಮೇಲೆ ಪುಟ್ಟ ಲಿಂಗ ಕೂರಿಸಿದ ಒಂದು ಕಲ್ಲಿನ ಕಟ್ಟೆ. ಮಾಲೆಯನ್ನು ಅದರ ಮೇಲಿಟ್ಟು ಕೈಮುಗಿದಳು.

"ಅದೇನವ್ವ?" ಎಂದರು ಹನುಮಂತಮ್ಮ.

"ನಮ್ಮತ್ತೇದು ಅಮ್ಮ. ಸಮಾಧಿ" ಎಂದಳು ಶಶಿಕಲಾ.

ಹನುಮಂತಮ್ಮ ನಿಂತಲ್ಲೇ ನಿಂತರು. "ಬಂದೋರಿಗೆಲ್ಲ ಇದ್ನ ಹೇಳಿದ್ಯಾ?"

"ಹ್ಞೂಂ. ನಮ್ಮತ್ತೆ ಇಲ್ಲೇ ಇದಾರೆ, ಪಕ್ಕದಲ್ಲೇ ಅಡುಗೆಮನೆ ಬರುತ್ತೆ ಅಂತ. ನೆರಳಿದೆಯಲ್ಲ, ಇಲ್ಲೇ ಕೂರ್ಸಿ ಎಳನೀರು ಕೊಡ್ತಿದ್ದೆ."

ಹನುಮಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯೋ ಪುಣ್ಯಾತ್ಗಿತ್ತಿ. ಹೂತಿರೋ ತಾವ ಎಳ್ನೀರ್ ಕುಡ್ಸಿ, ಇಲ್ಲೇ ಅನ್ನ ಬೇಯಿಸ್ತೀವಿ ಬನ್ನಿ ಅಂದ್ರೆ ಯಾರ್ ಬತ್ತಾರೆ? ನಮ್ ಕಡೆ ಊರಾಚೆ ಸುಡುಗಾಡಿಗೆ ತಕಂಡೋಯ್ತೀವಿ."

ಶಶಿಕಲಾ ಸಮಾಧಿಯತ್ತ ತಿರುಗಿ ನೋಡಿದಳು. ತವರಿನಲ್ಲೂ ಇಲ್ಲೂ ತೀರಿಕೊಂಡವರು ತಮ್ಮ ತಮ್ಮ ಹೊಲದಲ್ಲೇ ಇದ್ದರು. ಮಕ್ಕಳು ಅವರ ಪಕ್ಕ ಕೂತು ಪಾಠ ಓದುತ್ತಿದ್ದವು, ಹಬ್ಬದ ಎಡೆ ಮೊದಲು ಅವರಿಗೇ ಹೋಗುತ್ತಿತ್ತು. ಇದಕ್ಕೆ ಹೆದರುವವರಿರುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹಾಗಾದರೆ ಕಾರಣ ಪಲ್ಲವಿಯಲ್ಲ. ಆ ನೆಮ್ಮದಿ ಬಂದ ಹಿಂದೆಯೇ ಹೊಸ ದಿಗಿಲು ಬಂತು.

"ಅಡುಗೆಮನೇನ ಆ ತುದಿಗೆ ಸರಿಸಿದ್ರೆ?"

"ಎಲ್ಲಿಗ್ ಸರಿಸ್ದ್ರೂ ನೀರಿಗೆ ಇಲ್ಲೇ ಬರ್ಬೇಕಲ್ಲ. ನಂಗೇನೂ ಇಲ್ಲ ಕಣವ್ವ. ನಮ್ ಯಜಮಾನ್ರಿದಾರಲ್ಲ, ಕದರಯ್ಯ, ಬಸ್ಸಲ್ಲಿ ಕೂತಿದ್ರೂ ಸುಡುಗಾಡಿನ ಕಡೆ ಮುಖ ತಿರುಗ್ಸಲ್ಲ." ಅವರು ದನಿ ತಗ್ಗಿಸಿದರು. "ನಾಳೆ ಕರ್ಕಂಡ್ ಬತ್ತೀನಿ. ಹಳೇ ಕಾಲದ್ದು, ಯಾವ್ದೋ ದೇವ್ರ ಕಟ್ಟೆ ಅಂದ್ಬುಡು. ಮೇಲೆ ಲಿಂಗ ಐತೆ, ನಂಬ್ತಾರೆ. ಆಮೇಲೆ ಬಂದೋರಿಗೂ ಹಂಗೇ ಹೇಳು. ಅಡುಗೆಮನೆ ನಂಗ್ ಬುಡು. ಮಗೀನೂ ನಂಗ್ ಬುಡು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕತೀನಿ."

ಒಂದು ಮಾತು. ಕೆಟ್ಟ ಮಾತೂ ಅಲ್ಲ. ಕೇಳಿದ್ದರೆ ಅತ್ತೆಯೇ ಹ್ಞೂಂ ಅನ್ನುತ್ತಿದ್ದರೇನೋ. ದೀಪಾವಳಿ, ಒಪ್ಪಿದ್ದ ಆ ಎರಡು ಸಂಸಾರ, ಮನೆಯಲ್ಲಿ ಒಂಟಿ ಮಗಳು, ಎಲ್ಲ ಒಟ್ಟಿಗೇ ಬಂದು ಅವಳ ಕತ್ತು ಹಿಡಿದವು. ಪಲ್ಲವಿ ಕಲ್ಲಿನ ಮೇಲೆ ಬಿದ್ದಿದ್ದ ಒಣಗಿದೆಲೆಗಳನ್ನು ಕೈಯಲ್ಲೇ ಸರಿಸುತ್ತ, ಅಜ್ಜಿ ನಿಲ್ಲಿಸುತ್ತಿದ್ದ ಕಡೆಯಲ್ಲೇ ನಿಲ್ಲಿಸಿ ನಿಲ್ಲಿಸಿ ಅವರ ವಚನವೊಂದನ್ನು ಹೇಳಿಕೊಳ್ಳುತ್ತಿದ್ದಳು.

"ಹೇಳ್ತೀಯ ತಾನೆ?" ಎಂದರು ಹನುಮಂತಮ್ಮ.

ಶಶಿಕಲಾ ಬಾಗಿ, ಕಲ್ಲಿನ ಮೇಲಿದ್ದ ಮಾಲೆಯನ್ನು ಸರಿಮಾಡಿದಳು.

"ಇಲ್ಲಮ್ಮ, ನಾನು ಹೇಳಲ್ಲ. ನಾಳೆ ಅವ್ರು ಬಂದ್ರೂ ನಮ್ಮತ್ತೆ ಇಲ್ಲಿದಾರೆ ಅಂತ್ಲೇ ಹೇಳೋದು."