ಪ್ಲಾಸ್ಟಿಕ್ ಬಿಚ್ಚಿದ ದಿನ

ಹೆಡ್ ಟೀಚರ್ ಮನೆಯ ಫ್ರಿಜ್ಜಿನ ಬಾಗಿಲಿಗೆ ಕಂಪನಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇವತ್ತಿಗೂ ಹಾಗೇ ಇದೆ. ಟೀವಿ ರಿಮೋಟು ಬಂದ ದಿನದ ಕವರಿನೊಳಗೇ ಕೂತಿದೆ. ಚಾನೆಲ್ ಬದಲಿಸಬೇಕೆಂದರೆ ಕವರಿನ ಮೇಲಿನಿಂದಲೇ ಒತ್ತಬೇಕು. "ಸದ್ಯ, ಮದುವೆ ದಿನ ನನಗೊಂದು ಕವರು ಹಾಕ್ಲಿಲ್ಲವಲ್ಲ" ಎಂದು ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ಹಾಗಂತ ಆಕೆಯನ್ನು ಜಿಪುಣಿ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಕೇಳಿದವರಿಗೆ ಕೈ ಬಿಚ್ಚಿ ಕೊಡುವ ಹೆಂಗಸು. ಆದರೆ ಒಂದು ತುಂಡು ಪೆನ್ಸಿಲ್ಲಿಗೆ ನಾಲ್ಕು ಮಕ್ಕಳು ಜುಟ್ಟು ಹಿಡಿದು ಜಗಳವಾಡುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಹೊಸ ವಸ್ತುವನ್ನು ಬಳಸುವುದೆಂದರೆ ಕರುಳು ಕಿತ್ತು ಬಂದಂತಾಗುತ್ತದೆ.

ಇಂಥವರ ಕೈಗೆ ಒಂದು ಸೇವಾ ಸಂಸ್ಥೆಯವರು ಶಾಲೆಗೆಂದು ಒಂದು ಕೋಣೆ ತುಂಬ ಹೊಸ ಸಾಮಾನು ಕೊಟ್ಟರು. ಆಮೇಲೆ ಏನಾಯಿತು ಅಂತ ನೀವೇ ಊಹಿಸಿ.

ಶಾಲೆ ಇದ್ದದ್ದು ರೈಲು ಹಳಿಯ ಪಕ್ಕ, ತಗಡಿನ ಮನೆಗಳ ನಡುವೆ. ಸರ್ಕಾರಿ ಶಾಲೆ. ಗೋಡೆಯ ಮೇಲಿನ ಭೂಪಟದಲ್ಲಿ ಎರಡು ಖಂಡಗಳನ್ನು ಗೆದ್ದಲು ತಿಂದಿತ್ತು. ಚಿಂದಿ ಬಟ್ಟೆಗೆ ಹಗ್ಗ ಸುತ್ತಿದ್ದೇ ಫುಟ್‌ಬಾಲು. ಇಂಥ ಶಾಲೆಗಳನ್ನೇ ಹುಡುಕಿಕೊಂಡು ಹೋಗಿ ರಿಪೇರಿ ಮಾಡುವುದು ಆ ಸಂಸ್ಥೆಯ ಕೆಲಸ. ಬಂದರು, ಸೋರುವ ಕೋಣೆಯೊಂದಕ್ಕೆ ಗಾರೆ ಹಾಕಿಸಿದರು, ಕಿಟಕಿಗೆ ಗಾಜು ಕೂರಿಸಿದರು, ಗೋಡೆಯುದ್ದಕ್ಕೂ ಕಪಾಟು ಮಾಡಿಸಿದರು. ಆಮೇಲೆ ಕಪಾಟು ತುಂಬಿಸಿದರು: ಕಥೆ ಪುಸ್ತಕಗಳು, ಗ್ಲೋಬುಗಳು, ಬಣ್ಣ, ಜೇಡಿಮಣ್ಣು, ಮೈಕ್ರೋಸ್ಕೋಪು, ಡೋಲು, ಒಂದು ಬಲೆ ತುಂಬ ಫುಟ್‌ಬಾಲು. ಅವತ್ತು ಹೆಡ್ ಟೀಚರ್ ಕಣ್ಣೀರು ಹಾಕಿದ್ದು ಸುಳ್ಳಲ್ಲ. ಕಣ್ಣೊರೆಸಿಕೊಂಡವರೇ ಹೋಗಿ ದೊಡ್ಡದೊಂದು ಬೀಗ ತಂದರು.

ಆಮೇಲಿಂದ ವಾರಕ್ಕೊಂದು ತರಗತಿಗೆ ಆ ಕೋಣೆಯ ದರ್ಶನ. ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲಾಗಿ ಒಳಗೆ ಹೋಗಿ, ಪ್ಲಾಸ್ಟಿಕ್ಕಿನೊಳಗೆ ಮಿಂಚುವ ಲೋಕವನ್ನು ನೋಡಿ, ಸಾಲಾಗಿಯೇ ಹೊರಗೆ ಬರಬೇಕು. "ಕಣ್ಣಲ್ಲಿ ನೋಡಿ, ಕೈಯಲ್ಲಲ್ಲ" ಎನ್ನುತ್ತಾ ಹೆಡ್ ಟೀಚರ್ ಬಾಗಿಲಲ್ಲಿ ನಿಂತಿರುತ್ತಿದ್ದರು. ಪೀಟಿ ಮೇಷ್ಟ್ರಂತೂ ದಿನಾ ಬೆಳಿಗ್ಗೆ ಬಂದು ಗೋಗರೆಯುತ್ತಿದ್ದರು.

"ಒಂದೇ ಒಂದು ಚೆಂಡು ಕೊಡಿ ಮೇಡಂ."

"ಮಣ್ಣಾಗುತ್ತೆ ಮೇಷ್ಟ್ರೇ."

"ಚೆಂಡು ಮಣ್ಣಾಗದೆ ಬೆಣ್ಣೆಯಾಗ್ಬೇಕಾ ಮೇಡಂ?"

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು, ನಡುವೆ ಒಂದು ಬೀಗ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಗಾಳಿ ಮೇಡಂ ಬಂದರು. ಸಂಸ್ಥೆಯಿಂದ ಶಾಲೆ ಶಾಲೆ ತಿರುಗುವ ಹುಡುಗಿ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡುವುದರಿಂದ ಮಕ್ಕಳೇ ಆ ಹೆಸರಿಟ್ಟಿದ್ದರು. ಸಾಮಾನು ಹೇಗಿದೆ ಎಂದು ನೋಡಲು ಬಂದಿದ್ದರು. ಹೆಡ್ ಟೀಚರ್ ಬೆಳಗಾಗುವ ಮೊದಲೇ ಬಂದು ಧೂಳು ಹೊಡೆದಿದ್ದರು. ಬಾಗಿಲು ತೆರೆದು, ಹೆಣ್ಣು ತೋರಿಸುವ ತಾಯಿಯ ಹಾಗೆ ಪಕ್ಕಕ್ಕೆ ಸರಿದು ನಿಂತರು.

"ನೋಡಿ ಮೇಡಂ! ಒಂದು ಗೀರಿಲ್ಲ, ಒಂದು ಕಲೆ ಇಲ್ಲ. ನೀವು ಹೇಗೆ ಕೊಟ್ರೋ ಹಾಗೇ ಇದೆ."

ಗಾಳಿ ಮೇಡಂ ನಿಂತೇಬಿಟ್ಟರು. ಆಕೆ ಒಂದು ಕಡೆ ನಿಂತದ್ದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ಒಂದು ಗ್ಲೋಬಿನ ಕವರನ್ನು ಮುಟ್ಟಿದರು, ಪುಸ್ತಕದ ಕಟ್ಟಿನ ಟೇಪು ಮುಟ್ಟಿದರು. ಮುಖ ಚಿಕ್ಕದಾಯಿತು.

"ಟೀಚರ್, ಕೊಡೋವಾಗಲೇ ಹೇಳಿದ್ನಲ್ಲ. ಬಳಸದೆ ಇಟ್ಟ ಸಾಮಾನನ್ನ ಕೇಳಿದ ಬೇರೆ ಶಾಲೆಗೆ ಕೊಡ್ಬೇಕು, ಅದು ನಮ್ಮ ನಿಯಮ."

ಹೇಳಿದ್ದರು, ನಿಜ. ಆದರೆ ಅವತ್ತು ಹೆಡ್ ಟೀಚರ್ ಕಣ್ಣು ಆ ಮೈಕ್ರೋಸ್ಕೋಪಿನ ಮೇಲಿತ್ತು, ಕಿವಿ ಎಲ್ಲೋ ಇತ್ತು. ಈಗ ಕಿವಿ ನೆಟ್ಟಗಾಯಿತು.

"ಕೇಳಿದ್ಯಾರು?"

"ಹಳಿ ಆಚೆಯ ಶಾಲೆ. ಅಲ್ಲಿನ ಹೆಡ್ ಮಾಸ್ಟರ್ ಎಷ್ಟು ವಿಶ್ವಾಸದಿಂದ ಕೇಳಿದ್ರು ಗೊತ್ತಾ? 'ಆ ಶಾಲೆಯಲ್ಲಿ ಸಾಮಾನು ಹೊಸದಾಗೇ ಇರುತ್ತೆ, ಅದಕ್ಕೆ ನಾನು ಗ್ಯಾರಂಟಿ' ಅಂದ್ರು. ನಾನೇ ನಂಬಿರ್ಲಿಲ್ಲ."

ಹೆಡ್ ಟೀಚರ್ ಪಿತ್ತ ನೆತ್ತಿಗೇರಿತು. ಹಳಿ ಆಚೆಯ ಶಾಲೆಯ ಹೆಡ್ ಮಾಸ್ಟರ್ ಬೇರೆ ಯಾರೂ ಅಲ್ಲ, ಅವರ ಒಡಹುಟ್ಟಿದ ತಮ್ಮ.

ಆ ತಮ್ಮನಿಗೆ ಗ್ಯಾರಂಟಿ ಕೊಡುವ ಹಕ್ಕಿತ್ತು ಬಿಡಿ. ಅವನು ಬೆಳೆದದ್ದೇ ಅಕ್ಕನ ಹೊಸ ಸಾಮಾನುಗಳ ಮೇಲೆ. ಅಕ್ಕ ಹೊಸ ಚೀಲವನ್ನು ಹಾಳಾಗುತ್ತದೆಂದು ಮಂಚದ ಕೆಳಗಿಟ್ಟರೆ ವರ್ಷ ಕಳೆದ ಮೇಲೆ ಅಮ್ಮ, "ನೀನಂತೂ ಬಳಸಲ್ಲ, ಅವನಾದ್ರೂ ಹಾಕ್ಕೊಳ್ಳಲಿ" ಎಂದು ಎತ್ತಿ ಕೊಡುತ್ತಿದ್ದಳು. ಹಾಗೆಯೇ ಹೋಯಿತು ಬಣ್ಣದ ಪೆಟ್ಟಿಗೆ. ಅಕ್ಕ ಅದನ್ನು ಮೂಸಿ ನೋಡಿದ್ದಳೇ ಹೊರತು ಒಂದು ಗೆರೆ ಎಳೆದಿರಲಿಲ್ಲ. ತಮ್ಮ ಒಂದೇ ಮಧ್ಯಾಹ್ನದಲ್ಲಿ ಆನೆ ಬರೆದು ಅದನ್ನು ಮುಗಿಸಿದ. ಪೆಟ್ಟಿಗೆ ಹೋಯಿತೆಂದು ಅವಳು ಅಳಲಿಲ್ಲ. ಆನೆ ಚೆನ್ನಾಗಿತ್ತು, ಅದಕ್ಕೆ ಅತ್ತಳು.

"ಸಾಮಾನು ಒಯ್ಯೋಕೆ ಟೆಂಪೋ ಯಾವಾಗ ಬರುತ್ತೆ?" ಎಂದರು ಹೆಡ್ ಟೀಚರ್.

"ಊಟ ಆದ್ಮೇಲೆ. ನಿಮ್ಮ... ಆ ಹೆಡ್ ಮಾಸ್ಟರೇ ತರ್ತಾರೆ." ಗಾಳಿ ಮೇಡಂ ಬಾಗಿಲ ತನಕ ಹೋದವರು ತಿರುಗಿದರು. "ನಾನೀಗ ಇನ್ನೊಂದು ಶಾಲೆ ನೋಡ್ಕೊಂಡು ಬರ್ತೀನಿ. ಹೊಸದಾಗಿರೋದನ್ನ ಮಾತ್ರ ಟೆಂಪೋಗೆ ಹಾಕ್ತೀನಿ ಟೀಚರ್. ಬಳಸಿದ್ದಕ್ಕೆ ನಾನು ಕೈ ಹಾಕೋ ಹಾಗೇ ಇಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹುಡುಗಿ ಜಾಣೆ. ಗೇಟು ದಾಟುವಾಗ ಅವಳು ತಿರುಗಿಯೂ ನೋಡಲಿಲ್ಲ.

ಹೆಡ್ ಟೀಚರ್ ಓಡಿದರು. ಆ ವಯಸ್ಸಿಗೆ, ಆ ಮೈಗೆ, ಆ ಚಪ್ಪಲಿಗೆ ಅದು ಓಟವೇ. ಗಂಟೆಯ ಹಗ್ಗ ಹಿಡಿದು ಬಡಿದರು, ಬಡಿದರು, ಬಡಿಯುತ್ತಲೇ ಇದ್ದರು. ಎಲ್ಲಿ ಬೆಂಕಿ ಬಿತ್ತೋ ಎಂದು ಮೇಷ್ಟ್ರುಗಳೂ ಟೀಚರುಗಳೂ ಹೊರಗೆ ಬಂದರು.

"ಎಲ್ಲಾ ತರಗತಿಯನ್ನೂ ಕೋಣೆಗೆ ಕರ್ಕೊಂಡು ಬನ್ನಿ! ಎಲ್ಲರನ್ನೂ! ಈಗ್ಲೇ!"

ಮಕ್ಕಳು ಬಂದರು. ಸಾಲಾಗಿ ಬಂದರು. ಕೈಗಳು ಬೆನ್ನ ಹಿಂದೆ.

"ಸಾಲು ಬೇಡ. ಮುಟ್ಟಿ. ಏನು ಬೇಕೋ ಅದನ್ನ ತಗೊಳ್ಳಿ."

ಒಬ್ಬರೂ ಕದಲಲಿಲ್ಲ. ಟೀಚರಿಗೆ ಜ್ವರವೇನೋ ಎನ್ನುವ ಹಾಗೆ ನೋಡಿದರು. ತಾನೇ ಕಲಿಸಿದ ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದೆಯಲ್ಲ ಎಂದು ಹೆಡ್ ಟೀಚರಿಗೆ ಆ ಕ್ಷಣ ನಿಜವಾಗಿಯೂ ನಾಚಿಕೆಯಾಯಿತು. ಮೊದಲು ತಾನೇ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಕಪಾಟಿನಿಂದ ಮೈಕ್ರೋಸ್ಕೋಪಿನ ಪೆಟ್ಟಿಗೆ ಎತ್ತಿಕೊಂಡರು. ಟೇಪಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ನಿಂತರು.

"ಕತ್ತರಿ ಕೊಡಿ, ನೀಟಾಗಿ..."

"ಮೇಡಂ," ಎಂದರು ಪೀಟಿ ಮೇಷ್ಟ್ರು, "ನಿಮ್ಮ ದಮ್ಮಯ್ಯ, ಹರೀರಿ!"

ಪರ್ರ್ ಎಂದು ಹರಿದರು. ಅಯ್ಯೋ, ಆ ಸದ್ದು! ಇಷ್ಟು ವರ್ಷ ಈ ಸುಖವನ್ನು ಬಿಟ್ಟು ಬದುಕಿದ್ದೆನಲ್ಲ ಎನಿಸಿತು. ಇನ್ನೊಮ್ಮೆ ಹರಿದರು. ಒಳಗಿನ ಥರ್ಮಾಕೋಲು ತೆಗೆದು ಹಿಂದಕ್ಕೆ ಎಸೆದರು. ಅದು ಒಬ್ಬ ಹುಡುಗಿಯ ತಲೆಗೆ ತಾಗಿತು, ಅವಳು ಕಿಸಕ್ಕೆಂದು ನಕ್ಕಳು, ಅಲ್ಲಿಗೆ ಕಟ್ಟೆ ಒಡೆಯಿತು.

ಆಮೇಲಿನದನ್ನು ಕ್ರಮವಾಗಿ ಹೇಳೆಂದರೆ ನನ್ನಿಂದಾಗದು, ಅಲ್ಲಿ ಕ್ರಮವೇ ಇರಲಿಲ್ಲ. ಪ್ಲಾಸ್ಟಿಕ್ಕು ಮೊಣಕಾಲ ತನಕ ಬಂತು. ಡೋಲು ಸಿಕ್ಕವರು ಡೋಲು ಬಡಿದರು, ಸಿಗದವರು ಡೋಲಿನ ಪೆಟ್ಟಿಗೆ ಬಡಿದರು. ಗ್ಲೋಬು ತಿರುಗಿಸಿ ಬೆರಳಿಟ್ಟು ನಿಲ್ಲಿಸಿ, "ನಾನು ಇಲ್ಲಿಗೆ ಹೋಗ್ತೀನಿ" ಎಂದು ಒಬ್ಬಳು ಕೂಗಿದರೆ ಬೆರಳು ಸಮುದ್ರದ ನಟ್ಟನಡುವೆ ಇತ್ತು. "ಈಜು ಕಲಿ" ಎಂದ ಇನ್ನೊಬ್ಬ. ಒಂದನೇ ತರಗತಿಯವರು ಜೇಡಿಮಣ್ಣಿನಲ್ಲಿ ಕೈಯಷ್ಟೇ ಅಲ್ಲ, ಕಿವಿಯನ್ನೂ ಮುಳುಗಿಸಿದ್ದರು. ಪೀಟಿ ಮೇಷ್ಟ್ರು ಬಲೆ ಹೆಗಲಿಗೇರಿಸಿಕೊಂಡು, ಸೀಟಿ ಊದುತ್ತಾ, ಮದುಮಗನ ಕಳೆಯಲ್ಲಿ ಮೈದಾನಕ್ಕೆ ಇಳಿದರು.

ಮೂರನೇ ತರಗತಿಯ ಟೀಚರ್ ಮೂಲೆಯಲ್ಲಿ ಕೂತು ಪುಸ್ತಕಗಳ ಮೂಲೆ ಮಡಚುತ್ತಿದ್ದರು, ಅಲ್ಲಲ್ಲಿ ಸ್ವಲ್ಪ ಟೀ ಕೂಡ ಚಿಮುಕಿಸುತ್ತಿದ್ದರು.

"ಏನ್ರೀ ಇದು?"

"ಬಳಸಿದ ಹಾಗೆ ಕಾಣ್ಬೇಕಲ್ಲ ಮೇಡಂ."

"ಇಷ್ಟೊಂದು ಕೈಗಳಿರೋವಾಗ ನಾವ್ಯಾಕೆ ಸುಳ್ಳು ಕೊಳೆ ಮಾಡ್ಬೇಕು? ಮಕ್ಕಳಿಗೆ ಓದಿ ಹೇಳಿ, ಕೊಳೆ ತಾನಾಗೇ ಆಗುತ್ತೆ."

ಅಡುಗೆ ಮನೆಯಿಂದ ಈರುಳ್ಳಿ ಬಂತು. ಅದರ ತೆಳ್ಳನೆಯ ಸಿಪ್ಪೆಯನ್ನು ಗಾಜಿನ ಮೇಲಿಟ್ಟು ಹೆಡ್ ಟೀಚರ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಮೊದಲು ಬರೀ ಮಂಜು. ತಿರುಪು ತಿರುಗಿಸಿದರು. ಮಂಜು ಸರಿಯಿತು, ಇಟ್ಟಿಗೆಯ ಗೋಡೆಯ ಹಾಗೆ ಒಂದರ ಪಕ್ಕ ಒಂದು ಪುಟ್ಟ ಪುಟ್ಟ ಕೋಣೆಗಳು ಕಂಡವು. ಇಪ್ಪತ್ತು ವರ್ಷಗಳಿಂದ ಇದೇ ಚಿತ್ರವನ್ನು ಹಲಗೆಯ ಮೇಲೆ ಬರೆದು, "ಜೀವಕೋಶ ಹೀಗಿರುತ್ತೆ" ಎಂದು ಪಾಠ ಮಾಡಿದ್ದರು. ಕಂಡದ್ದು ಇವತ್ತು.

"ಅಯ್ಯೋ, ನಿಜವಾಗ್ಲೂ ಇದೆ ಕಣ್ರೋ!" ಎಂದು ಕಿರುಚಿದರು. "ಬನ್ನಿ, ಬನ್ನಿ, ನೋಡಿ!"

ಅಷ್ಟರಲ್ಲಿ ಫಳಾರ್ ಎಂದು ಹೊಸ ಕಿಟಕಿಯ ಗಾಜು ಒಡೆದು, ಫುಟ್‌ಬಾಲೊಂದು ಒಳಗೆ ಹಾರಿ ಬಂದು, ಹೆಡ್ ಟೀಚರ್ ಕಾಲ ಬಳಿ ಉರುಳಿ ನಿಂತಿತು. ಡೋಲು ನಿಂತಿತು. ಮೈದಾನವೂ ನಿಂತಿತು. ಕಿಟಕಿಯಾಚೆ ಪೀಟಿ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು, ಒದ್ದದ್ದು ಅವರೇ. ಹೆಡ್ ಟೀಚರ್ ಗಾಜು ನೋಡಿದರು. ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ಚೆಂಡನ್ನು ಎತ್ತಿಕೊಂಡರು. ಅದು ಮಣ್ಣಾಗಿತ್ತು.

"ಗೋಲಾ ಮೇಷ್ಟ್ರೇ?"

"ಸ್ವಲ್ಪದ್ರಲ್ಲಿ ತಪ್ಪಿತು ಮೇಡಂ," ಎಂದರು ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾ.

"ಹಾಗಾದ್ರೆ ಇನ್ನೊಂದ್ಸಲ ಹೊಡೀರಿ. ಆ ಕಡೆ ತಿರುಗಿ ಹೊಡೀರಿ."

ಟೆಂಪೋ ಬಂದಾಗ ಯಾರಿಗೂ ಅದರ ಹಾರ್ನ್ ಕೇಳಿಸಲಿಲ್ಲ. ತಮ್ಮ ಇಳಿದ, ಹಿಂದಿನಿಂದ ಅವನ ಶಾಲೆಯ ಒಂದಷ್ಟು ದೊಡ್ಡ ಮಕ್ಕಳೂ ಇಳಿದರು. ಸಾಮಾನು ಹೊರಲು ಕರೆತಂದಿದ್ದ. ಗಾಳಿ ಮೇಡಂ ಗೇಟಿನಲ್ಲೇ ಸಿಕ್ಕಿದ್ದರು, ನಗುವನ್ನು ತುಟಿಯೊಳಗೆ ಒತ್ತಿ ಹಿಡಿದಿದ್ದರು. ತಮ್ಮ ಕೋಣೆಯ ಬಾಗಿಲಿಗೆ ಬಂದು ನೋಡಿದ. ಕೆನ್ನೆಗೆ ನೀಲಿ ಬಣ್ಣ ಬಳಿದುಕೊಂಡು, ಜೇಡಿಮಣ್ಣಿನ ಕೈಯಲ್ಲಿ ಗ್ಲೋಬು ಹಿಡಿದುಕೊಂಡು ಅಕ್ಕ ನಿಂತಿದ್ದಳು.

"ಅಕ್ಕಾ! ನಿನ್ನ ಮೈಮೇಲೆ ದೆವ್ವ ಬಂದಿದೆಯಾ?"

"ತಗೊಂಡು ಹೋಗೋ ತಗೊಂಡು ಹೋಗು, ಹೊಸದು ಏನಿದೆ ನೋಡಿ ತಗೊಂಡು ಹೋಗು! ಗ್ಯಾರಂಟಿ ಕೊಟ್ಟಿದ್ಯಂತೆ!"

ತಮ್ಮ ಸುತ್ತ ನೋಡಿದ. ಕೊನೆಗೆ ಜೋರಾಗಿ ನಕ್ಕುಬಿಟ್ಟ. ಅಕ್ಕನೂ ನಕ್ಕಳು. ಗೆದ್ದಳು! ಹುಟ್ಟಿದಂದಿನಿಂದ ಮೊದಲ ಸಲ ಈ ತಮ್ಮನ ಎದುರು ಗೆದ್ದಳು. ಕುಣಿಯಬೇಕೆನಿಸಿತು, ಸ್ವಲ್ಪ ಕುಣಿದರೆಂದೇ ಮೂರನೇ ತರಗತಿಯ ಟೀಚರ್ ಇವತ್ತಿಗೂ ಹೇಳುತ್ತಾರೆ.

ತಮ್ಮನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಅವನ ತೋಳಿನಡಿಯಿಂದ ಒಳಗೆ ಇಣುಕಿದಳು.

"ಸಾರ್, ನಮ್ಮ ಶಾಲೆಗೆ ಬರೋದು ಇದೇನಾ ಸಾರ್?"

ತಮ್ಮ ನಗು ನಿಲ್ಲಿಸಿದ.

"ನಿನ್ನ ಶಾಲೆಯಲ್ಲಿ ಏನಿದೆ?" ಎಂದರು ಹೆಡ್ ಟೀಚರ್ ತಮ್ಮನಿಗೆ, ಮೆಲ್ಲಗೆ.

"ಏನೂ ಇಲ್ಲ ಅಕ್ಕ. ಅದಕ್ಕೇ ಅಲ್ವಾ ಕೇಳಿದ್ದು. ಇವತ್ತು ಬರುತ್ತೆ ಅಂತ ಮಕ್ಕಳೇ ಕೋಣೆ ತೊಳೆದಿಟ್ಟಿದ್ದಾರೆ."

ಹೆಡ್ ಟೀಚರ್ ಗ್ಲೋಬನ್ನು ನೋಡಿದರು. ಅದರ ಅರ್ಧದಷ್ಟು ದೇಶಗಳ ಮೇಲೆ ಬೆರಳ ಗುರುತುಗಳಿದ್ದವು. ಗಾಳಿ ಮೇಡಂ ಕಡೆ ತಿರುಗಿದರು.

"ಬಳಸಿದ್ದನ್ನ ಬೇರೆ ಶಾಲೆಗೆ ಕೊಡೋ ಹಾಗಿಲ್ಲ, ಅಲ್ವಾ?"

"ಇಲ್ಲ ಟೀಚರ್," ಎಂದರು ಗಾಳಿ ಮೇಡಂ. ಈ ಸಲ ಅವರಿಗೂ ದಾರಿ ಹೊಳೆದಂತಿರಲಿಲ್ಲ.

"ಬೇರೆ ಶಾಲೆಯ ಮಕ್ಕಳು ಇಲ್ಲಿಗೆ ಬಂದ್ರೆ?"

"ಅದಕ್ಕೆ... ಯಾವ ನಿಯಮನೂ ಇಲ್ಲ."

ಹೆಡ್ ಟೀಚರ್ ಆ ಹುಡುಗಿಯ ಕೈಗೆ ಗ್ಲೋಬು ಕೊಟ್ಟರು, ಮಣ್ಣು ಸಮೇತ. ಆಮೇಲೆ ತಮ್ಮನ ಬೆನ್ನಿಗೊಂದು ಗುದ್ದಿ, ಬಾಗಿಲ ಕಡೆ ತಳ್ಳಿದರು.

"ಏನೋ ಮುಖ ನೋಡ್ತೀಯಾ? ಟೆಂಪೋ ಇದೆಯಲ್ಲ, ಓಡು! ಉಳಿದ ಮಕ್ಕಳನ್ನೂ ತುಂಬಿಸ್ಕೊಂಡು ಬಾ!"